ಮೋಟುಮರವೋ, ಮನುಷ್ಯನೋ

ಬಿದ್ದು ಸೊಂಟ ನೋಯಿಸಿಕೊಂಡವರಿಗೆ ಮೂಳೆ ಮುರಿದಿದೆಯೇ ಎಂದು ನೋಡಲು ಎಕ್ಸ್‌ರೇ ತೆಗೆಯುತ್ತಾರೆ. ಅಪರೂಪಕ್ಕೊಮ್ಮೆ ಹೀಗಾಗುತ್ತದೆ: ಮುರಿದಿರುವುದಿಲ್ಲ, ಆದರೆ ಸೊಂಟದ ಮೂಳೆಯಲ್ಲಿ, ತೊಡೆಮೂಳೆಯ ತುದಿಯಲ್ಲಿ ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಮೂಳೆಗೆ ಹರಡಿದಾಗಲೂ ಹೀಗೆ ಬಿಳಿ ಕಲೆಗಳು ಮೂಡಬಹುದು. ಆಸ್ಟಿಯೋಪೊಯ್ಕಿಲೋಸಿಸ್‌ನಲ್ಲೂ ಮೂಡುತ್ತವೆ. ಇದು ಸುಮಾರು 50,000 ಜನರಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿರುವ, ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದ, ವಂಶದಲ್ಲಿ ಹರಿದುಬರುವ ಸ್ಥಿತಿ. ಎಲ್‌ಇಎಮ್‌ಡಿ3 ಎಂಬ ಜೀನಿನ ಬದಲಾವಣೆ ಇದಕ್ಕೆ ಕಾರಣವೆಂದು 2004ರಲ್ಲಿ ತಿಳಿಯಿತು. ಎರಡೂ ಬಿಳುಪೇ ಆಗಿರುವಾಗ, ‘ಇದರಿಂದ ಅಪಾಯವಿಲ್ಲ’ ಎನ್ನುವವರು ಏನನ್ನು ಕಂಡು ಹಾಗೆನ್ನುತ್ತಾರೆ?

ಇಂಥಲ್ಲಿ ಥಟ್ಟನೆ ನೆನಪಾಗುವುದು ಅದ್ವೈತಿಗಳ ಹಗ್ಗ-ಹಾವಿನ ದೃಷ್ಟಾಂತ. ಅದು ಇಲ್ಲಿಗೆ ಒಗ್ಗುವುದಿಲ್ಲ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡಲ್ಲಿ ದೀಪ ತಂದರೆ ಹಾವು ಇಲ್ಲವಾಗುತ್ತದೆ. ಈ ಚುಕ್ಕೆಗಳು ಎಷ್ಟು ಬೆಳಕು ಹಿಡಿದರೂ ಅಲ್ಲೇ ಇರುತ್ತವೆ. ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಉದಾಹರಣೆ ಹೆಚ್ಚು ಹತ್ತಿರದ್ದು: ಮುಸ್ಸಂಜೆಯಲ್ಲಿ ದೂರಕ್ಕೆ ನೆಟ್ಟಗೆ ಕಾಣುವುದು ಮೋಟುಮರವೋ, ಮನುಷ್ಯನೋ? ಎರಡಕ್ಕೂ ಸಮಾನವಾದ ಎತ್ತರ ಕಾಣುತ್ತದೆ, ಬೇರ್ಪಡಿಸುವ ವಿಶೇಷ ಕಾಣುವುದಿಲ್ಲ. ಸಂಶಯ ಹುಟ್ಟುವುದು ಅಲ್ಲಿ. ಪೊಟರೆ ಕಂಡರೆ ಮರ, ಕೈಕಾಲು ಕಂಡರೆ ಮನುಷ್ಯ. ರೇಡಿಯಾಲಜಿಸ್ಟ್ ಹುಡುಕುವುದೂ ಇಂಥ ವಿಶೇಷವನ್ನೇ. ಆಸ್ಟಿಯೋಪೊಯ್ಕಿಲೋಸಿಸ್‌ನ ಚುಕ್ಕೆಗಳು ಕೆಲವೇ ಮಿಲಿಮೀಟರಿನವು, ಹೆಚ್ಚುಕಡಿಮೆ ಒಂದೇ ಬಗೆಯವು. ಕೀಲುಗಳ ಸುತ್ತ ಗುಂಪುಗೂಡಿವೆ. ಎಡಕ್ಕಿದ್ದಂತೆ ಬಲಕ್ಕೂ ಇವೆ. ಮೂಳೆಯನ್ನು ಎಲ್ಲೂ ತಿಂದಿಲ್ಲ. ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಅಲ್ಲಿನ ಪುಟ್ಟ ಮೂಳೆಗಳಲ್ಲೂ ಅವೇ ಕಾಳುಗಳು. ಕ್ಯಾನ್ಸರ್ ಅಷ್ಟು ದೂರ ಹರಡುವುದು ತೀರ ಅಪರೂಪ. ಬೋನ್ ಸ್ಕ್ಯಾನ್ ಮಾಡಿದರೆ ಈ ಜಾಗಗಳು ಸಾಮಾನ್ಯವಾಗಿ ಮಿಕ್ಕ ಮೂಳೆಯಂತೆಯೇ ಕಾಣುತ್ತವೆ. ಆದ್ದರಿಂದ ‘ಅಪಾಯವಿಲ್ಲ’ ಎಂಬುದನ್ನು ರೋಗ ಕಾಣಲಿಲ್ಲವೆಂಬ ಅಭಾವದ ಮಾತೆಂದು ಎಣಿಸುವುದು ತಪ್ಪು. ಕಂಡದ್ದನ್ನು ಇಂಥದ್ದೇ ಎಂದು ಗುರುತಿಸಿದ ಜ್ಞಾನ ಅದು. ಬಯಾಪ್ಸಿಗಾಗಿ ಸೂಜಿ ಚುಚ್ಚದೆ ಬಿಡುವುದು ಆ ಜ್ಞಾನ ಹೊರಿಸುವ ಕರ್ತವ್ಯ.

ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರೆ ಪ್ರತ್ಯಕ್ಷವೇ ಸಿಗುವಾಗ ಕುರುಹುಗಳಿಂದ ತರ್ಕಿಸುವ ಅನುಮಾನ ಪ್ರಮಾಣವನ್ನು ನಂಬಿ ಜೀವವನ್ನು ಪಣಕ್ಕಿಡುವುದೇಕೆ ಎಂದು ಕೇಳಬಹುದು. ಭಯದಿಂದ ಹುಟ್ಟಿದ ಈ ಪ್ರಶ್ನೆಯನ್ನು ಗೌರವಿಸಬೇಕು. ಆದರೆ ಬಯಾಪ್ಸಿಯೂ ಅನುಮಾನವೇ: ಹತ್ತಾರು ಚುಕ್ಕೆಗಳಲ್ಲಿ ಒಂದರ ಚೂರನ್ನು ನೋಡಿ ಉಳಿದವುಗಳ ಬಗ್ಗೆ ತೀರ್ಮಾನಿಸುತ್ತೇವೆ. ಅದರ ಫಲಿತಾಂಶ ಬರುವ ತನಕ ಆರೋಗ್ಯವಂತರೊಬ್ಬರು ಕ್ಯಾನ್ಸರ್ ರೋಗಿಯಾಗಿ ರಾತ್ರಿಗಳನ್ನು ಕಳೆಯುತ್ತಾರೆ. ಈ ನೋವನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಈ ಚುಕ್ಕೆಗಳಿರುವವರಿಗೂ ಕ್ಯಾನ್ಸರ್ ಬರಬಹುದಲ್ಲ? ಬರಬಹುದು. ಒಂದು ಕಲೆ ಮಾತ್ರ ದೊಡ್ಡದಾಗಿ ಬೆಳೆಯುತ್ತಿದ್ದರೆ, ಮೂಳೆಯನ್ನು ತಿನ್ನುತ್ತಿದ್ದರೆ, ಅಥವಾ ಆ ವ್ಯಕ್ತಿಗೆ ಮೊದಲೇ ಸ್ತನದ ಕ್ಯಾನ್ಸರ್ ಆಗಿದ್ದರೆ, ಸಂಶಯಕ್ಕೆ ಮತ್ತೆ ಕಾರಣ ಸಿಕ್ಕಿತು. ಆಗ ಪರೀಕ್ಷೆ ಮುಂದುವರಿಯಲೇಬೇಕು. ಕಾರಣವಿಲ್ಲದೆ ಸಂಶಯವನ್ನು ಹಿಗ್ಗಿಸುವುದನ್ನು ಮಾತ್ರ ಎಚ್ಚರಿಕೆ ಎಂದು ಕರೆಯಲಾಗದು.

ತೊಂದರೆ ಕೊಡದ್ದಕ್ಕೆ ಹೆಸರಾದರೂ ಯಾಕೆ? ಹೆಸರಿಲ್ಲದಿದ್ದರೆ ಪ್ರತಿ ಹೊಸ ಎಕ್ಸ್‌ರೇಯೂ ಅದೇ ಮುಸ್ಸಂಜೆ. ಜೊತೆಗೆ, ಈ ಸ್ಥಿತಿ ಇರುವವರ ಪ್ರತಿ ಮಗುವಿಗೂ ಇದು ಬರುವ ಸಂಭವ ಅರ್ಧಕ್ಕರ್ಧ. ಆಟವಾಡುತ್ತ ಮಣಿಕಟ್ಟು ಉಳುಕಿಸಿಕೊಂಡ ಮಗನ ಎಕ್ಸ್‌ರೇಯಲ್ಲಿ ಅವೇ ಬಿಳಿ ಕಾಳುಗಳು ಕಂಡ ದಿನ, ತಾಯಿಯ ಹಳೆಯ ಫೈಲಿನಲ್ಲಿ ಆ ಉದ್ದನೆಯ ಹೆಸರು ಬರೆದಿದ್ದರೆ, ವೈದ್ಯರು ಬ್ಯಾಂಡೇಜು ಕಟ್ಟಿ ಹುಡುಗನನ್ನು ಮನೆಗೆ ಕಳಿಸುತ್ತಾರೆ.