ಬರೆದಿಲ್ಲದ ಕಟ್ಟುಪಾಡು

ನ್ಯಾಯಮೂರ್ತಿಗಳ ನೇಮಕದ ಚರ್ಚೆ ಎದ್ದಾಗಲೆಲ್ಲ "ಸಂವಿಧಾನದಲ್ಲಿ ಎಲ್ಲಿ ಬರೆದಿದೆ, ತೋರಿಸಿ" ಎಂಬ ಸವಾಲು ಬರುತ್ತದೆ. ಬರೆದಿಲ್ಲದ್ದೆಲ್ಲ ಬರೀ ರೂಢಿ, ಮುರಿದರೇನು ತಪ್ಪು ಎಂಬ ಧೋರಣೆ ಇದು. ರೂಢಿಗೂ ಕಟ್ಟುಪಾಡಿಗೂ ಇರುವ ವ್ಯತ್ಯಾಸವನ್ನೇ ಇದು ಮರೆಸಿಬಿಡುತ್ತದೆ.

ಇಂಗ್ಲೆಂಡಿನ ನ್ಯಾಯತತ್ತ್ವಜ್ಞ ಎಚ್.ಎಲ್.ಎ. ಹಾರ್ಟ್ 1961ರಲ್ಲಿ ಈ ವ್ಯತ್ಯಾಸವನ್ನು ಬಿಡಿಸಿಟ್ಟರು. ನಮ್ಮ ಊರುಗಳ ಉದಾಹರಣೆ ನೋಡಿ. ಸಂಜೆ ಎಲ್ಲರೂ ಕಾಫಿ ಕುಡಿಯುತ್ತಾರೆ; ಒಬ್ಬ ಕುಡಿಯದಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಅದು ರೂಢಿ. ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರುವುದು ಹಾಗಲ್ಲ. ಹೋಗದವನನ್ನು ನೆರೆಹೊರೆ ಕೇಳುತ್ತದೆ, ಅವನೂ "ಜ್ವರ ಬಂದು ಮಲಗಿದ್ದೆ" ಎಂದು ಕಾರಣ ಕೊಡುತ್ತಾನೆ. ಎಲ್ಲೂ ಬರೆದಿಲ್ಲ, ಆದರೂ ತಾನು ಉತ್ತರ ಹೇಳಬೇಕಾದವನು ಎಂದು ಅವನಿಗೇ ಗೊತ್ತು.

ಸುಪ್ರೀಂ ಕೋರ್ಟಿನಲ್ಲಿ ಅತಿ ಹಿರಿಯರೇ ಮುಖ್ಯ ನ್ಯಾಯಮೂರ್ತಿ ಆಗುವುದು ಇಂಥ ಕಟ್ಟುಪಾಡು. 1964ರಲ್ಲಿ ಜಾಫರ್ ಇಮಾಂ ಅವರಿಗೆ ಅದು ತಪ್ಪಿತು, ಅವರ ಆರೋಗ್ಯ ಕೆಟ್ಟಿತ್ತು. ಯಾರ ವಿಷಯದಲ್ಲಾದರೂ ಒಪ್ಪಬಹುದಾದ ಕಾರಣ ಅದು, ಕಟ್ಟುಪಾಡಿಗೆ ಧಕ್ಕೆಯಾಗಲಿಲ್ಲ.

1973ರ ಕಥೆ ಬೇರೆ. ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಸರ್ಕಾರಕ್ಕೆ ಲಗಾಮು ಹಾಕಿತು. ಮರುದಿನವೇ, ಆ ಬಹುಮತದಲ್ಲಿದ್ದ ಶೆಲತ್, ನಮ್ಮ ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ಮತ್ತು ಗ್ರೋವರ್ ಮೂವರನ್ನೂ ದಾಟಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರ ಹೆಸರು ಪ್ರಕಟವಾಯಿತು. ಮೂವರೂ ರಾಜೀನಾಮೆ ಕೊಟ್ಟರು.

ಇದನ್ನು ಸಂಸತ್ತಿನಲ್ಲಿ ಸಮರ್ಥಿಸಿದವರು ಸಚಿವ ಮೋಹನ್ ಕುಮಾರಮಂಗಲಂ. ಜ್ಯೇಷ್ಠತೆಯೊಂದೇ ಸಾಲದು ಎಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು ಎಂದರು. ಅದು ನಿಜ. ಆದರೆ ಅಲ್ಲಿಗೇ ನಿಲ್ಲದೆ, ನ್ಯಾಯಮೂರ್ತಿಯ ಜೀವನದೃಷ್ಟಿಯನ್ನೂ ಸರ್ಕಾರ ನೋಡಬಹುದು ಎಂದರು. ಅವರ ಬುದ್ಧಿಶಕ್ತಿಯ ಬಗ್ಗೆ ನನಗೆ ಗೌರವವಿದೆ, ಈ ವಾದವನ್ನು ಮಾತ್ರ ಒಪ್ಪಲಾರೆ. ಸರ್ಕಾರವೇ ವ್ಯಾಜ್ಯದಲ್ಲಿ ಕಕ್ಷಿಗಾರ. ತನ್ನ ದೃಷ್ಟಿಗೆ ಹೊಂದುವ ನ್ಯಾಯಾಧೀಶರನ್ನು ಕಕ್ಷಿಗಾರ ಆರಿಸಿಕೊಳ್ಳುವುದನ್ನು ಯಾವ ಮುನ್ಸಿಫ್ ಕೋರ್ಟಿನಲ್ಲೂ ನಾವು ಸಹಿಸುವುದಿಲ್ಲ. ಅಷ್ಟಕ್ಕೂ, ಮುರಿದದ್ದು ಬರೀ ರೂಢಿಯಾಗಿದ್ದರೆ ಸಂಸತ್ತಿನಲ್ಲಿ ಅಷ್ಟುದ್ದ ಕಾರಣ ಕೊಡುವ ಅಗತ್ಯವೇ ಇರಲಿಲ್ಲ.

1977ರ ಜನವರಿಯಲ್ಲಿ ಮತ್ತೆ ಹಾಗೇ ಆಯಿತು. ತುರ್ತುಪರಿಸ್ಥಿತಿಯಲ್ಲಿ ಒಬ್ಬರೇ ಭಿನ್ನ ತೀರ್ಪು ಬರೆದಿದ್ದ ಎಚ್.ಆರ್. ಖನ್ನಾ ಅವರನ್ನು ಬಿಟ್ಟು ಎಂ.ಎಚ್. ಬೇಗ್ ಅವರನ್ನು ನೇಮಿಸಿದರು. ಖನ್ನಾ ಅವರಿಗೆ ಉಳಿದಿರುವ ಅವಧಿ ಆರು ತಿಂಗಳೂ ಇಲ್ಲ ಎಂಬುದು ಆಗ ಕೊಟ್ಟ ಕಾರಣ. ಅದೇ ಇಂದಿರಾ ಸರ್ಕಾರದ ಕಾಲದಲ್ಲಿ, 1970ರ ಡಿಸೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿಯಾದ ಜೆ.ಸಿ. ಶಾ ಆ ಸ್ಥಾನದಲ್ಲಿದ್ದದ್ದು 35 ದಿನ.