ತೆಗ್ಗು ಮುಚ್ಚಿದ ಮೇಲೆ ಮೊಸಳೆ ಎಲ್ಲಿಗೆ ಹೋಗಬೇಕು?

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಒಂದು ಮೊಸಳೆ ಕಾಣಿಸಿಕೊಂಡಿತು. ನೀರು ನಿಂತು ಪುಟ್ಟ ಹೊಂಡದಂತಾಗಿದ್ದ ರಸ್ತೆಗುಂಡಿಯೊಳಗೆ ಅದು ಮೈಚಾಚಿ ಮಲಗಿತ್ತು. ನಿಜವಾದ ಮೊಸಳೆಯಷ್ಟೇ ದೊಡ್ಡದು. ಅದನ್ನು ಮಾಡಿ ತಂದಿಟ್ಟವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನವರು, ಅಲ್ಲಿನ ಕಾವಾ ಕಾಲೇಜಿನಲ್ಲಿ ಕಲೆ ಕಲಿತವರು. ಬಾಯ್ದೆರೆದ ಮ್ಯಾನ್‌ಹೋಲಿನ ಸುತ್ತ ಯಮನ ಮುಖ ಬರೆದು, ಆ ಕಂಡಿಯನ್ನೇ ಯಮನ ಬಾಯಿ ಮಾಡಿದವರೂ ಅವರೇ. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2 ಚಂದ್ರನನ್ನು ಸುತ್ತುತ್ತಿದ್ದ ದಿನಗಳಲ್ಲಿ, ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ ಬೆಂಗಳೂರಿನ ರಸ್ತೆಯೊಂದರಲ್ಲಿ ನಡೆಸಿದರು. ವಿಡಿಯೋ ನೋಡಿದವರಿಗೆ ಮೊದಲು ಅದು ಚಂದ್ರನ ನೆಲವೆಂದೇ ಅನ್ನಿಸುತ್ತದೆ. ಪಕ್ಕದಲ್ಲಿ ಆಟೋ ಹಾದುಹೋದಾಗ ಗುಟ್ಟು ರಟ್ಟಾಗುತ್ತದೆ.

ಮೊಸಳೆ ಬಂದ ಮೇಲೆ ಆ ಗುಂಡಿ ಮುಚ್ಚಿತು. ಚಂದ್ರನ ರಸ್ತೆಯ ದುರಸ್ತಿಯೂ ಒಂದೆರಡು ದಿನದಲ್ಲೇ ಶುರುವಾಯಿತು. ಎಲ್ಲರೂ ಇದನ್ನು ಕಲೆಯ ಗೆಲುವು ಎಂದರು. ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ. ಆದರೆ ಈ ಗೆಲುವಿನೊಳಗೆ ಕೆಲವು ಪ್ರಶ್ನೆಗಳು ಉಳಿದಿವೆ. ರೋಣ, ನರಗುಂದ, ಗಜೇಂದ್ರಗಡದ ಕಡೆಯವನಾದ ನನಗೆ ಅವು ಬೆಂಗಳೂರಿನವರಿಗಿಂತ ಸ್ವಲ್ಪ ಬೇರೆಯಾಗಿ ಕಾಣುತ್ತವೆ.

ಮೊದಲನೆಯದು ಅಪ್ಪಣೆಯ ಪ್ರಶ್ನೆ. ಗ್ಯಾಲರಿಗೆ ಹೋಗುವವರು ತಾವಾಗಿ ಹೋಗುತ್ತಾರೆ, ಬೇಡವಾದರೆ ಎದ್ದು ಬರುತ್ತಾರೆ. ರಸ್ತೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಕಾಯಿಪಲ್ಲೆ ಬುಟ್ಟಿ ಹೊತ್ತವರು, ಶಾಲೆಗೆ ಹೊರಟ ಹುಡುಗಿ, ಆಸ್ಪತ್ರೆಗೆ ಓಡುವವರು ಎಲ್ಲರೂ ಅದನ್ನು ನೋಡಲೇಬೇಕು. ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಕೂಡ ನಮ್ಮನ್ನು ಕೇಳಿ ಕಟ್ಟಿದ್ದಲ್ಲ, ಮೊಸಳೆಯೂ ನಮ್ಮನ್ನು ಕೇಳಿ ಬಂದದ್ದಲ್ಲ. ಒಂದಕ್ಕೆ ಸಿಟ್ಟಾಗಿ ಇನ್ನೊಂದಕ್ಕೆ ಚಪ್ಪಾಳೆ ತಟ್ಟುವುದು ಯಾವ ನ್ಯಾಯ? ನನಗೆ ಹೊಳೆಯುವ ಉತ್ತರ ಇಷ್ಟು. ಫ್ಲೆಕ್ಸ್ ‘ನನ್ನನ್ನು ನೋಡು’ ಎನ್ನುತ್ತದೆ. ಮೊಸಳೆ ‘ನಿನ್ನ ಕಾಲ ಕೆಳಗೆ ನೋಡು’ ಎನ್ನುತ್ತದೆ. ಗುಂಡಿ ಮುಚ್ಚಿದ ದಿನ ಮೊಸಳೆಗೆ ಅಲ್ಲಿ ಕೆಲಸವಿಲ್ಲ. ತನ್ನ ಕೆಲಸ ಮುಗಿದಾಗ ಜಾಗ ಬಿಟ್ಟುಕೊಡಲು ಸಿದ್ಧವಿರುವ ಕಲೆಗೆ ಎಲ್ಲರ ಜಾಗದಲ್ಲಿ ಸ್ವಲ್ಪ ಹೊತ್ತು ಕೂಡುವ ಹಕ್ಕಿದೆ ಎಂದು ನಾನು ನಂಬುತ್ತೇನೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣ. ಎರಡು ದಿನದಲ್ಲಿ ದುರಸ್ತಿ ಶುರುವಾಗುತ್ತದೆ ಎಂದರೆ ಡಾಂಬರು ಇತ್ತು, ಯಂತ್ರ ಇತ್ತು, ಆಳುಗಳೂ ಇದ್ದರು ಎಂದರ್ಥ. ಇಲ್ಲದೇ ಇದ್ದದ್ದು ನಾಚಿಕೆ. ಅದನ್ನು ಕಲಾವಿದ ಒದಗಿಸಿದ. ಆದರೆ ನಾಚಿಕೆ ಹುಟ್ಟಬೇಕಾದರೆ ನೋಡುವ ಕಣ್ಣು ಬೇಕು, ಕ್ಯಾಮೆರಾ ಬೇಕು, ಸುದ್ದಿವಾಹಿನಿ ಬೇಕು. ಹಾಗಾದರೆ ಮೊಸಳೆ ಸಿಗದ ಗುಂಡಿಯ ಗತಿಯೇನು? ಊರಿನ ಎಲ್ಲ ಗುಂಡಿಗಳಿಗೂ ಒಂದೇ ಹಕ್ಕಿದೆ ಎನ್ನುವುದಾದರೆ, ಚೆಂದದ ಕಲಾಕೃತಿ ಸಿಕ್ಕ ಗುಂಡಿ ಮೊದಲು ಮುಚ್ಚುವುದೂ ಒಂದು ಬಗೆಯ ಅನ್ಯಾಯವೇ. ನಕ್ಕವರು ನಕ್ಕು ಮುಂದೆ ಹೋಗುತ್ತಾರೆ. ಪಕ್ಕದ ಬೀದಿಯ ನೀರು ಹಾಗೇ ನಿಂತಿರುತ್ತದೆ.

ನಮ್ಮ ಕಡೆ ಗುಂಡಿಗೆ ತೆಗ್ಗು ಅನ್ನುತ್ತೇವೆ. ನರಗುಂದ, ರೋಣದ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ರಸ್ತೆಯೂ ಅದರ ಜೊತೆಗೇ ಏಳುತ್ತದೆ, ಬೀಳುತ್ತದೆ. ತೆಗ್ಗು ಆಳವಾಗಿದ್ದರೆ ಯಾರೋ ಒಂದು ಜಾಲಿ ಟೊಂಗೆ ಕಡಿದು ತಂದು ಅದರೊಳಗೆ ನೆಡುತ್ತಾರೆ. ಅದರ ತುದಿಗೆ ಒಂದು ಅರಿವೆ ತುಂಡು ಕಟ್ಟಿದರೆ ರಾತ್ರಿ ಬರುವ ಬೈಕಿನವನಿಗೂ ಕಂಡೀತು. ಆ ಟೊಂಗೆಗೆ ಸಹಿಯಿಲ್ಲ, ಫೋಟೋ ಇಲ್ಲ, ಅದನ್ನು ನೋಡಿ ಯಾರೂ ನಗುವುದಿಲ್ಲ. ಯಾವ ಅಧಿಕಾರಿಯೂ ಅದರಿಂದ ನಾಚಿಕೊಂಡಂತೆ ಕಾಣುವುದಿಲ್ಲ. ಆದರೆ ಅದು ಒಬ್ಬನ ಕಾಲು ಮುರಿಯುವುದನ್ನು ತಪ್ಪಿಸುತ್ತದೆ. ಮೊಸಳೆ ಅಧಿಕಾರದ ಜೊತೆ ಮಾತಾಡಿದರೆ ಟೊಂಗೆ ಹಿಂದೆ ಬರುವ ಅಪರಿಚಿತನ ಜೊತೆ ಮಾತಾಡುತ್ತದೆ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನನಗೆ ಹೇಳಲಾಗದು. ಎರಡನೆಯದನ್ನು ನಾವು ಕಲೆಯ ಲೆಕ್ಕಕ್ಕೆ ಹಿಡಿದಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಅಳಿದುಹೋಗುವ ಶಿಲ್ಪ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತೇವೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುತ್ತೇವೆ. ಭಾದ್ರಪದದಲ್ಲಿ ಜೋಕುಮಾರ ಬುಟ್ಟಿಯಲ್ಲಿ ಕೂತು, ಬಾಯಿಗೆ ಬೆಣ್ಣೆ ಬಳಿದುಕೊಂಡು ಮನೆಮನೆಗೆ ಬರುತ್ತಾನೆ. ಅವನ ಆಯುಷ್ಯ ಏಳೇ ದಿನ. ಆಮೇಲೆ ಅವನು ಸಾಯಲೇಬೇಕು. ಸತ್ತು ಮೇಲಿನವರಿಗೆ ಊರಿನ ಕಷ್ಟ ಮುಟ್ಟಿಸಿ ಮಳೆ ತರಿಸಬೇಕು. ಮಣ್ಣಿನ ಈ ಮೂರ್ತಿಯನ್ನು ಉಳಿಸಿಕೊಳ್ಳಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಅವನು ಊರಿನ ಅಹವಾಲು ಹೊತ್ತವನು, ಹೊತ್ತದ್ದನ್ನು ಮುಟ್ಟಿಸಿದರೆ ಸಾಕು.

ಉಳಿಯುವ ಶಿಲ್ಪವೂ ನಮ್ಮಲ್ಲಿದೆ. ಗಜೇಂದ್ರಗಡದ ಹತ್ತಿರ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವಿದೆ. ಕಲ್ಲಿನ ಗೋಡೆಗಳಲ್ಲಿ ಕೆತ್ತನೆ, ಮೆಟ್ಟಿಲಿಳಿದರೆ ನೀರು. ಅದನ್ನು ಕಡೆದ ಶಿಲ್ಪಿ ತನ್ನ ಕೆಲಸವನ್ನು ಇಟ್ಟದ್ದು ಜನ ನೀರಿಗೆ ಬರುವ ಜಾಗದಲ್ಲಿ. ನೋಡಲೆಂದೇ ಬಂದವರಿಗಿಂತ ಕೊಡದ ಜೊತೆ ಬಂದವರೇ ಹೆಚ್ಚಿದ್ದಿರಬೇಕು. ಸಾರ್ವಜನಿಕ ಕಲೆ ಎಂಬ ಮಾತು ಹುಟ್ಟುವ ಮೊದಲೇ ಹುಟ್ಟಿದ ಸಾರ್ವಜನಿಕ ಕಲೆ ಅದು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನರಗುಂದದ ಒಂದು ಕಲ್ಲು. 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತಾಗ, ನರಗುಂದದಲ್ಲಿ ಗೋಲಿಬಾರ್ ಆಯಿತು. ರೈತ ಈರಪ್ಪ ಕಡ್ಲಿಕೊಪ್ಪ ಸತ್ತರು. ಅವರ ಹೆಸರಿನ ವೀರಗಲ್ಲು ಊರಿನಲ್ಲಿದೆ. ಪ್ರತಿವರ್ಷ ಜುಲೈ 21ಕ್ಕೆ ರೈತರು ಅಲ್ಲಿ ಸೇರುತ್ತಾರೆ, ಮಾಲೆ ಹಾಕುತ್ತಾರೆ, ಆ ವರ್ಷದ ಬೇಡಿಕೆಗಳನ್ನು ಹೇಳುತ್ತಾರೆ. ಅದೇ ದಿನ ಅದೇ ಊರಿನಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಅವರನ್ನು ಆ ಕಲ್ಲು ನೆನೆಯುವುದಿಲ್ಲ. ಬೀದಿಯಲ್ಲಿ ನಿಲ್ಲಿಸಿದ ಪ್ರತಿ ಕಲ್ಲೂ ಹೀಗೆ ಒಂದನ್ನು ಆಯ್ದುಕೊಂಡು ಇನ್ನೊಂದನ್ನು ಬಿಟ್ಟೇ ನಿಲ್ಲುತ್ತದೆ. ಅದರ ಮುಂದೆ ನಿಂತವರು ಬಿಟ್ಟುಹೋದದ್ದನ್ನೂ ನೆನೆಯಬೇಕಾಗುತ್ತದೆ.

2015ರಲ್ಲಿ ಸುಲ್ತಾನ್‌ಪಾಳ್ಯಕ್ಕೆ ಮೊಸಳೆ ಬಂದು ಒಂದು ತಿಂಗಳೂ ಆಗಿರಲಿಲ್ಲ, ನರಗುಂದದಲ್ಲಿ ಮಹದಾಯಿ ನೀರಿಗಾಗಿ ಧರಣಿ ಶುರುವಾಯಿತು. ದಿನಗಳು ವರ್ಷಗಳಾದವು. ನ್ಯಾಯಮಂಡಳಿಯ ತೀರ್ಪು ಬರಲು 2018ರ ಆಗಸ್ಟ್ ಆಗಬೇಕಾಯಿತು, ಅದರ ನಂತರವೂ ತಕರಾರು ಮುಗಿಯಲಿಲ್ಲ. ಬೆಂಗಳೂರಿನ ಗುಂಡಿಗೆ ಒಂದು ನಗೆ ಸಾಕಾಯಿತು. ಕುಡಿಯುವ ನೀರಿಗೆ ಮೂರು ರಾಜ್ಯಗಳ ವಾದ ಬೇಕಾಯಿತು. ಎರಡು ದಿನದಲ್ಲಿ ಸರಿಪಡಿಸಬಹುದಾದದ್ದಕ್ಕೆ ಮೊಸಳೆ ತಕ್ಕದ್ದು. ಹಾಗೆ ಸರಿಯಾಗದ್ದಕ್ಕೆ ಎಂಥ ಶಿಲ್ಪ ಬೇಕು?

ಇಲ್ಲಿ ನಾನು ಪ್ರೇಕ್ಷಕ ಮತ್ತು ಸಾಕ್ಷಿ ಎಂಬ ಎರಡು ಮಾತುಗಳನ್ನು ಬೇರೆಮಾಡಿ ನೋಡುತ್ತೇನೆ. ಪ್ರೇಕ್ಷಕನಿಗೆ ಆಟ ಮುಗಿದ ಮೇಲೆ ಹೊಣೆಯಿಲ್ಲ. ಸಾಕ್ಷಿಗೆ ಹೊಣೆ ಶುರುವಾಗುವುದೇ ಕಂಡ ಮೇಲೆ. ಅವನನ್ನು ನಾಳೆ ಯಾರಾದರೂ ಕರೆದು ಕೇಳಬಹುದು, ಆಗ ಅವನು ಹೇಳಬೇಕು. ಮೊಸಳೆಯ ಮುಂದೆ ನಿಂತು ಫೋಟೋ ತೆಗೆದುಕೊಂಡವನು ಪ್ರೇಕ್ಷಕನಾಗಿಯೇ ಉಳಿಯಬಹುದು. ಪಕ್ಕದ ಬೀದಿಯ ತೆಗ್ಗಿಗೂ ಒಂದು ಅರ್ಜಿ ಬರೆದರೆ ಅವನು ಸಾಕ್ಷಿಯಾದ. ವೀರಗಲ್ಲಿನ ಮುಂದೆ ವರ್ಷಕ್ಕೊಮ್ಮೆ ಮಾಲೆ ಹಾಕಿ ಭಾಷಣ ಮಾಡಿ ಹೋದವನೂ ಬರಿಯ ಪ್ರೇಕ್ಷಕನಾಗಿಬಿಡಬಹುದು. ಕಲ್ಲಿನಲ್ಲಿ ಕಡೆದದ್ದು ಎಂಬ ಮಾತ್ರಕ್ಕೆ ಅದು ಹೆಚ್ಚು ನೈತಿಕವಾಗುವುದಿಲ್ಲ, ಮೂರು ದಿನದ್ದು ಎಂಬ ಕಾರಣಕ್ಕೆ ಹಗುರವೂ ಆಗುವುದಿಲ್ಲ. ಅದನ್ನು ಕಂಡವರ ಮೇಲೆ ಯಾವ ಹೊಣೆ ಬಿತ್ತು, ಅವರು ಅದನ್ನು ಎಷ್ಟು ದಿನ ಹೊತ್ತರು ಎಂಬುದರಿಂದ ಬೀದಿಯ ಕಲೆಯನ್ನು ಅಳೆಯಬೇಕು ಎಂಬುದು ನನ್ನ ಎಣಿಕೆ.

ಈ ಅಳತೆ ಕಲಾವಿದನಿಗೂ ಸಲ್ಲುತ್ತದೆ. ಬಾದಲ್ ಅವರ ಕೆಲಸದಲ್ಲಿ ನಾನು ಮೆಚ್ಚುವುದು ಒಂದು ಮೊಸಳೆಯನ್ನಲ್ಲ. ಒಂದು ಗುಂಡಿ ಮುಚ್ಚಿತೆಂದು ಸುಮ್ಮನಾಗದೆ ಮತ್ತೊಂದರ ಹತ್ತಿರ ಹೋಗಿ ನಿಂತದ್ದನ್ನು ಮೆಚ್ಚುತ್ತೇನೆ. 2017ರಲ್ಲಿ ನಟಿ ಸೋನು ಗೌಡ ಮತ್ಸ್ಯಕನ್ಯೆಯಾಗಿ ರಸ್ತೆಯ ನೀರಿನಲ್ಲಿ ಕೂತದ್ದೂ ಈ ಸರಣಿಯಲ್ಲೇ ಬಂದ ಕೆಲಸ. ಬೀದಿಯ ಶಿಲ್ಪಿಯ ವೃತ್ತಿಜೀವನ ಎಂದರೆ ಇದೇ ಇರಬೇಕು. ಹಿಂದೆ ತಿರುಗಿ ನೋಡಿದರೆ ತೋರಿಸಲು ಕೃತಿಗಳು ಉಳಿದಿಲ್ಲ, ನಡೆಯಲು ಬರುವ ಒಂದಷ್ಟು ರಸ್ತೆಗಳಿವೆ.

ಕಲೆ ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಯಾರಾದರೂ ರೋಣದ ಬಸ್‌ಸ್ಟ್ಯಾಂಡಿನ ಹತ್ತಿರವೋ ಗಜೇಂದ್ರಗಡದ ಸಂತೆಯಲ್ಲೋ ಏನಾದರೂ ಮಾಡಿ ನಿಲ್ಲಿಸಬೇಕೆಂದರೆ, ಮೊದಲು ಆ ಜಾಗದಲ್ಲಿ ದಿನವಿಡೀ ಕೂತು ವ್ಯಾಪಾರ ಮಾಡುವವರನ್ನು ಮಾತಾಡಿಸಲಿ. ಇಲ್ಲಿ ಏನು ಕೆಟ್ಟಿದೆ ಎಂದು ಅವರಿಗೆ ಗೊತ್ತಿರುತ್ತದೆ. ಕ್ಯಾಮೆರಾ ಬರದೇ ಹೋದರೂ ಆ ಶಿಲ್ಪಕ್ಕೆ ಅವರು ಸಾಕ್ಷಿಯಾಗಿರುತ್ತಾರೆ. ಅದು ಮುರಿದರೆ ಎತ್ತಿಡುವವರೂ ಅವರೇ, ಕೆಲಸ ಮುಗಿಯಿತು ಇನ್ನು ತೆಗೆಯಪ್ಪಾ ಎಂದು ಹೇಳುವ ಹಕ್ಕಿರುವವರೂ ಅವರೇ.