ಅಂಗೈಯ ಲಿಂಗ, ಎದುರಿನ ಗುಡ್ಡ

ಕಳೆದ ಶ್ರಾವಣದಲ್ಲಿ ಬೆಳಗಾವಿಯ ರಾಮತೀರ್ಥ ನಗರದ ಭಕ್ತರೊಬ್ಬರ ಮನೆಗೆ ನಾವು ದಯಮಾಡಿಸಿದ್ದೆವು. ಪೂಜೆ, ಪ್ರಸಾದಗಳು ಮುಗಿದ ತರುವಾಯ ಮರುದಿನ ಎಲ್ಲರೂ ಕೂಡಿ ಯಳ್ಳೂರಿನ ರಾಜಹಂಸಗಡಕ್ಕೆ ಹೋಗಿಬರುವ ಮಾತು ಹೊರಟಿತು. ಗಡದೊಳಗಿನ ಸಿದ್ಧೇಶ್ವರನ ದರ್ಶನವಾಗುತ್ತದೆ, ಮಳೆಗಾಲದ ಹಸಿರನ್ನೂ ಕಂಡಂತಾಗುತ್ತದೆ ಎಂಬುದು ಮನೆಯವರ ಆಸೆ. ಆಗ ಕಾಲೇಜಿನಲ್ಲಿ ಓದುವ ಆ ಮನೆಯ ಮಗ ಕೈಮುಗಿದು ಕೇಳಿದ: “ಅಪ್ಪಾರ, ಅಂಗೈಯಾಗ ಲಿಂಗ ಇರೂಮುಂದ ಗುಡ್ಡಾ ಹತ್ತಿ ಮತ್ತೊಂದು ಲಿಂಗ ನೋಡೂದು ಯಾತಕ್ಕ್ರಿ?”

ತಂದೆ ಮಗನನ್ನು ಗದರಿಸಿದರು. ನಾವು ತಡೆದೆವು. ಪ್ರಶ್ನೆ ಉದ್ಧಟತನದ್ದಲ್ಲ, ನಮ್ಮ ಧರ್ಮವನ್ನು ಅರಿತವನೇ ಕೇಳಬಲ್ಲ ಪ್ರಶ್ನೆ ಅದು. ದೇಹವನ್ನೇ ದೇಗುಲವೆಂದು ಕಂಡ ಶರಣರು, ತೀರ್ಥಕ್ಷೇತ್ರಗಳನ್ನು ಸುತ್ತಿ ಪುಣ್ಯವನ್ನು ಸಂಪಾದಿಸುವ ಮಾರ್ಗವನ್ನು ಒಪ್ಪಲಿಲ್ಲ. ಗುಡ್ಡ ಏರಿದರೆ ಆರೋಗ್ಯ ಸುಧಾರಿಸುತ್ತದೆ, ಮನಸ್ಸು ಹಗುರಾಗುತ್ತದೆ ಎಂದು ಉತ್ತರಿಸಬಹುದಿತ್ತು. ಆದರೆ ಅದು ವೈದ್ಯನ ಉತ್ತರ. ಎಲ್ಲ ಲಿಂಗವೂ ಒಂದೇ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಅದು ಸೋಮಾರಿಯ ಉತ್ತರ. “ನಾಳೆ ನೀನೂ ಬಾ, ಅಲ್ಲಿಯೇ ವಿಚಾರ ಮಾಡೋಣ” ಎಂದೆವು.

ಬೆಳಗಾವಿಯಿಂದ ರಾಜಹಂಸಗಡ ಸುಮಾರು 15 ಕಿಲೋಮೀಟರು. ವಡಗಾವಿಯನ್ನು ದಾಟಿ ಯಳ್ಳೂರಿನ ದಾರಿ ಹಿಡಿದರೆ ಎರಡೂ ಬದಿಗೆ ಭತ್ತದ ಗದ್ದೆಗಳು. ಶಹಾಪುರ, ವಡಗಾವಿ, ಅನಗೋಳ, ಯಳ್ಳೂರುಗಳ ಈ ಕಪ್ಪು ಮಣ್ಣಿನಲ್ಲಿ ಬೆಳೆಯುವ ಬಾಸಮತಿ ತನ್ನ ಪರಿಮಳದಿಂದ ಹೆಸರಾದುದು. ಗುಡ್ಡ ದೊಡ್ಡದಲ್ಲ. ಕೋಟೆಯ ಬಾಗಿಲಿನ ಸಮೀಪದವರೆಗೂ ವಾಹನ ಹೋಗುತ್ತದೆ. ಆದರೂ ನಾವು ಕೆಳಗೇ ಇಳಿದು ನಡೆದೆವು. ರಟ್ಟರ ಕಾಲದ ಕಾವಲು ನೆಲೆಯಿದು, ಮುಂದೆ ಆದಿಲಶಾಹಿಗಳ ಆಳಿಕೆಯಲ್ಲಿ ಗಟ್ಟಿಯಾದ ಕಲ್ಲಿನ ಕೋಟೆಯಾಯಿತು ಎಂದು ಸ್ಥಳದ ಇತಿಹಾಸ ಹೇಳುತ್ತದೆ. 2023ರ ಮಾರ್ಚ್ ತಿಂಗಳಲ್ಲಿ ಇಲ್ಲಿ ಶಿವಾಜಿ ಮಹಾರಾಜರ ಎತ್ತರದ ಪ್ರತಿಮೆಯೊಂದು ಒಂದೇ ವಾರದೊಳಗೆ ಎರಡು ಸಲ ಲೋಕಾರ್ಪಣೆಗೊಂಡಿತು. ಆಳಿದವರೂ ಆಳಬಯಸುವವರೂ ಗುಡ್ಡದ ತುದಿಯನ್ನೇ ಬಯಸುತ್ತಾರೆ. ಎತ್ತರದಿಂದ ಸೀಮೆಯೆಲ್ಲ ಕಾಣುತ್ತದೆ. ಸೀಮೆಗೆಲ್ಲ ತಾವೂ ಕಾಣುತ್ತೇವೆ ಎಂಬುದು ಅವರ ಲೆಕ್ಕ.

ಸಿದ್ಧೇಶ್ವರನಿಗೆ ಕೈಮುಗಿದು ಗೋಡೆಯ ಬಳಿಗೆ ಬಂದು ನಿಂತೆವು. ಪಡುವಣಕ್ಕೆ ಖಾನಾಪುರದ ಕಾಡುಗಳ ಮೇಲೆ ಮೋಡ ಕವಿದಿತ್ತು. ಆ ದಿಕ್ಕಿನ ಕಣಕುಂಬಿಯಲ್ಲಿಯೇ ಮಲಪ್ರಭೆ ಹುಟ್ಟುತ್ತಾಳೆ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಯತ್ತ ನಡೆದುಹೋದದ್ದು ಈ ಸೀಮೆಯಿಂದಲೇ ಎಂದು ನಮ್ಮ ಪರಂಪರೆ ನೆನೆಯುತ್ತದೆ. ಡೋಹರ ಕಕ್ಕಯ್ಯನವರು ಐಕ್ಯರಾದ ಕಕ್ಕೇರಿ ಖಾನಾಪುರ ತಾಲೂಕಿನಲ್ಲಿದೆ. ಗಂಗಾಂಬಿಕೆಯ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲಿದೆ. ಅವರು ಈ ಗುಡ್ಡಗಾಡಿಗೆ ಬಂದದ್ದು ತೀರ್ಥಯಾತ್ರೆಗಲ್ಲ. ವಚನಗಳ ಕಟ್ಟುಗಳನ್ನು ಉಳಿಸಲು ಬಂದರು. ದಾರಿಯಲ್ಲಿ ತಮ್ಮವರನ್ನು ಒಬ್ಬೊಬ್ಬರಾಗಿ ಕಳೆದುಕೊಂಡರು.

ಹಾಗಾದರೆ ಗುಡ್ಡ ಸ್ಥಾವರವೇ? ಶರಣರು ಬೇಡವೆಂದ ಸ್ಥಾವರ ಕಲ್ಲುಮಣ್ಣಲ್ಲ. ನಾನು ಮಾಡಿದೆನೆಂಬ ಭಾವದಲ್ಲಿ ಹೆಪ್ಪುಗಟ್ಟಿ ನಿಂತ ಮನಸ್ಸು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿ ಗುಡಿಗಳನ್ನು ಎತ್ತಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಅವನನ್ನು ಒಡ್ಡನೆಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪ್ರಭುಗಳು ಒಡೆದದ್ದು ಕಟ್ಟಿದವನ ಅಹಂಕಾರವನ್ನು, ಕೆರೆಯ ಏರಿಯನ್ನಲ್ಲ. ಆ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಗುಡ್ಡಕ್ಕೆ ಅಂಥ ಅಹಂಕಾರವಿಲ್ಲ. ಅದು ನಿಂತಲ್ಲಿಯೇ ನಿಂತು ಬಿದ್ದ ಮಳೆಯನ್ನೂ ಮಣ್ಣನ್ನೂ ಕೆಳಗಿನ ಹೊಲಗಳಿಗೆ ಇಳಿಸಿಕೊಡುತ್ತದೆ. ಕೊಡುವುದೇ ಜಂಗಮದ ಲಕ್ಷಣವಾದರೆ ನಿಂತಿರುವ ಗುಡ್ಡ ಜಂಗಮ, ಕೂಡಿಡುತ್ತ ಓಡಾಡುವ ನಾವೇ ಸ್ಥಾವರ.

ಇಷ್ಟನ್ನು ಆ ಹುಡುಗನಿಗೆ ಹೇಳಿದೆವು. ಮಾತು ಚೆಂದವಾಗಿತ್ತು; ನಮಗೇ ಸಂತೋಷವಾಯಿತು. ಅಷ್ಟರಲ್ಲಿ ಕಣ್ಣು ಕೆಳಗಿನ ಒಂದು ತುಂಡು ಭೂಮಿಯ ಮೇಲೆ ನಿಂತಿತು. ಸುತ್ತ ಹಸಿರು ಭತ್ತ. ನಡುವೆ ಅದೊಂದು ಮಾತ್ರ ಕೆಂಪು. ಮೊರಮು ಹಾಸಿ, ನಿವೇಶನಗಳ ಗಡಿಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಆ ಹೊಲವನ್ನು ನಾವು ಬಲ್ಲೆವು.

ಮೂರು ವರ್ಷಗಳ ಹಿಂದೆ ಆ ಹೊಲದ ಒಡೆಯರಾದ ವೃದ್ಧ ಭಕ್ತರು ಮಠಕ್ಕೆ ಬಂದಿದ್ದರು. ಮೈಮೇಲೆ ಸಾಲ; ಮಕ್ಕಳಿಗೆ ಒಕ್ಕಲುತನ ಬೇಡ; ಕೊಳ್ಳುವವರು ಬಾಗಿಲಲ್ಲಿ. “ಕೊಡಲೋ ಬಿಡಲೋ, ಅಪ್ಪಣೆ ಆಗ್ಬೇಕ್ರಿ” ಎಂದರು. ಅಂದು ಸಭೆಯೊಂದಕ್ಕೆ ಹೊರಡುವ ಅವಸರ ನಮಗೆ. “ನಿಮಗೆ ತೋಚಿದಂತೆ ಮಾಡಿರಿ, ಶಿವ ಒಳ್ಳೆಯದು ಮಾಡುತ್ತಾನೆ” ಎಂದು ವಿಭೂತಿ ಕೊಟ್ಟು ಕಳಿಸಿದೆವು. ಅವರು ಹೊಲ ಮಾರಿದರು. ಬಂದ ಹಣದಲ್ಲಿ ಒಂದು ಪಾಲನ್ನು ಮಠಕ್ಕೆ ತಂದರು. ಅದರಿಂದ ಪ್ರಸಾದ ನಿಲಯದ ಊಟದ ಮನೆಗೆ ಹೊಸ ಮಾಡು ಬಂತು. ಪ್ರತಿವರ್ಷ ಸುಗ್ಗಿಯಾದ ಮೇಲೆ ಅವರ ಹೊಲದಿಂದ ಎರಡು ಚೀಲ ಬಾಸಮತಿ ಅಕ್ಕಿ ಬರುತ್ತಿತ್ತು, ಅದು ನಿಂತಿತು. ಮಾಡನ್ನು ನಾವು ದಿನವೂ ನೋಡುತ್ತೇವೆ. ನಿಂತುಹೋದ ಅಕ್ಕಿಯನ್ನು ಒಂದು ದಿನವೂ ನೆನೆಯಲಿಲ್ಲ.

ಷಟ್‌ಸ್ಥಲಗಳಲ್ಲಿ ಪ್ರಸಾದಿಯ ಭಕ್ತಿಗೆ ಅವಧಾನಭಕ್ತಿ ಎಂದು ಹೆಸರು. ಕೈಗೆ ಬಂದುದನ್ನು ಎಚ್ಚರದಿಂದ ಲಿಂಗಕ್ಕೆ ಅರ್ಪಿಸಿ, ಎಚ್ಚರದಿಂದ ಸ್ವೀಕರಿಸುವುದು. ತುತ್ತಿನ ವಿಷಯದಲ್ಲಿ ಈ ಎಚ್ಚರವನ್ನು ನಾವು ಜನಕ್ಕೆ ಬೋಧಿಸುತ್ತೇವೆ; ತುತ್ತು ಬೆಳೆದ ಮಣ್ಣಿನ ವಿಷಯದಲ್ಲಿ ಅದು ಎಲ್ಲಿ ಹೋಯಿತು? ಹಲಗಾ–ಮಚ್ಛೆ ಬೈಪಾಸಿಗೆ ಫಲವತ್ತಾದ ಭೂಮಿ ಹೋಗುತ್ತದೆಂದು ಈ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದ್ದನ್ನು ಪತ್ರಿಕೆಗಳಲ್ಲಿ ಓದಿ ನಾವು ಮರುಗಿದ್ದುಂಟು. ದೂರದ ಅನ್ಯಾಯಕ್ಕೆ ಮರುಗುವುದು ಸುಲಭ. ನಮ್ಮ ಕೈಯಿಂದಲೇ ವಿಭೂತಿ ಪಡೆದು ಹೋದ ಹೊಲ ನಮಗೆ ಕಾಣಬೇಕಾದರೆ ಗುಡ್ಡ ಹತ್ತಬೇಕಾಯಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಮಾರಬೇಡ ಎಂದು ಅಪ್ಪಣೆ ಕೊಟ್ಟಿದ್ದರೆ ಧರ್ಮವಾಗುತ್ತಿತ್ತೆ? ಸಾಲ ಸುಳ್ಳಾಗಿರಲಿಲ್ಲ. ಇನ್ನೊಬ್ಬರ ಬಡತನದ ಮೇಲೆ ನಮ್ಮ ಆದರ್ಶವನ್ನು ಹೇರುವುದೂ ಹಿಂಸೆಯೇ. ತಪ್ಪು ಮಾರಾಟದಲ್ಲಿರಲಿಲ್ಲ, ನಾವು ಕುಳಿತು ಕೇಳದೆ ಹೋದುದರಲ್ಲಿತ್ತು. ಸಾಲ ಎಷ್ಟು, ಅರ್ಧ ಹೊಲ ಉಳಿಯುವ ದಾರಿ ಇದೆಯೇ, ಮಕ್ಕಳ ಮನಸ್ಸಿನಲ್ಲೇನಿದೆ, ಭಕ್ತರಲ್ಲಿ ಯಾರಾದರೂ ಕೈಹಿಡಿಯಬಲ್ಲರೇ? ಇಷ್ಟು ಕೇಳಲು ಒಂದು ಗಳಿಗೆ ಸಾಕಿತ್ತು. ಕೇಳಿದ ಮೇಲೂ ಅವರು ಮಾರಬಹುದಿತ್ತು. ಆದರೆ ಒಬ್ಬರೇ ಮಾರುತ್ತಿರಲಿಲ್ಲ.

ಹುಡುಗ ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲನೆ ಅಂದ: “ಹಂಗಾರ ನಮ್ಮ ಮನೀನೂ ಯಾರದೋ ಹೊಲದ ಮ್ಯಾಲೆ ನಿಂತೈತಲ್ರಿ, ಅಪ್ಪಾರ?”

ಹೌದು, ಮಗೂ. ರಾಮತೀರ್ಥ ನಗರವೂ, ನಮ್ಮ ಮಠದ ಶಾಲೆಯೂ, ಈ ಮಾತುಗಳನ್ನು ಓದುತ್ತಿರುವವರ ಮನೆಗಳೂ ಯಾರೋ ಉತ್ತ ನೆಲದ ಮೇಲೆಯೇ ನಿಂತಿವೆ. ಜೀವಮಾನದ ದುಡಿಮೆಯಿಂದ ಕಟ್ಟಿಕೊಂಡ ಮನೆಯಲ್ಲಿ ವಾಸಿಸುವುದು ಪಾಪವಲ್ಲ. ಆದರೆ ಅದು ಋಣ. ಪಾಪವನ್ನು ತೊಳೆಯಲು ತೀರ್ಥವುಂಟೆಂದು ನಂಬುವವರು ನಂಬಲಿ. ಋಣವನ್ನು ತೊಳೆಯುವ ತೀರ್ಥವಿಲ್ಲ. ಅದನ್ನು ಕಾಯಕದಿಂದ, ದಾಸೋಹದಿಂದ ತೀರಿಸಬೇಕು.

ಮರಳುವಾಗ ಆ ವೃದ್ಧ ಭಕ್ತರ ಮನೆಗೆ ಹೋದೆವು. ಗಡಬಡಿಸಿ ಎದ್ದು ಕಂಬಳಿ ಹಾಸಿದರು. ಬಂದ ಕಾರಣವನ್ನು ಹೇಳಿ, ಅಂದು ನಿಮ್ಮ ಮಾತನ್ನು ನಾವು ಕೇಳಬೇಕಿತ್ತು ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಆವತ್ತು ನಾನೂ ಕೇಳಲೆಂದಽ ಬಂದಿದ್ದೆ, ಅಪ್ಪಾರ” ಎಂದರು. ದೂರಿನ ದನಿ ಇರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಸದ್ಭಕ್ತರೇ, ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇವೆ. ಅಂಗೈಯ ಲಿಂಗಕ್ಕೆ ಕೊರತೆಯಿಲ್ಲ. ಕೊರತೆ ಅದನ್ನು ನೋಡುವ ನಮ್ಮ ಕಣ್ಣಿಗಿದೆ. ಲಿಂಗಪೂಜೆಯೇ ನಿಮಗೆ ನೆರೆಯವನ ಹೊಲವನ್ನೂ ಸಾಲವನ್ನೂ ತೋರಿಸಿಕೊಟ್ಟಿದ್ದರೆ ನೀವು ಯಾವ ಗುಡ್ಡವನ್ನೂ ಹತ್ತಬೇಕಾಗಿಲ್ಲ. ತೋರಿಸಿಲ್ಲವಾದರೆ, ನಿಮ್ಮೂರಿನ ಸಮೀಪದ ಸಣ್ಣ ಗುಡ್ಡವೊಂದನ್ನು ನಡೆದೇ ಹತ್ತಿರಿ. ದೇವರನ್ನು ಹುಡುಕಲು ಬೇಡ. ಮೇಲೆ ನಿಂತು ನಿಮ್ಮ ಅನ್ನ ಎಲ್ಲಿಂದ ಬಂತು, ನಿಮ್ಮ ಮನೆ ಎಲ್ಲಿ ನಿಂತಿದೆ ಎಂದು ನೋಡಿರಿ. ಇಳಿದ ಮೇಲೆ ಯಾರ ಮನೆಗೆ ಹೋಗಬೇಕೆಂಬುದು ನಿಮಗೇ ತಿಳಿಯುತ್ತದೆ.